ಮಂಡಿನೋವೆಂದು ಬಿಟ್ಟ ಸುಳಿವು

80 ದಾಟಿದ, ತೀರಾ ಕೃಶರಾಗಿದ್ದ ಅಜ್ಜಿಯೊಬ್ಬರನ್ನು ಮೂರು ದಿನಗಳಿಂದ ವಾಂತಿ, ಹೊಟ್ಟೆಯುಬ್ಬರವೆಂದು ಮಗ ನಮ್ಮಲ್ಲಿಗೆ ಕರೆತಂದಿದ್ದರು. ಅಷ್ಟರಲ್ಲಿ ಗ್ಯಾಸ್ಟ್ರಿಕ್ ಎಂದು ಮಾತ್ರೆಯೂ, ಮಲಬದ್ಧತೆಯೆಂದು ಭೇದಿಯ ಔಷಧವೂ ಆಗಿದ್ದವು. "ಗಾಳಿನೂ ಹೋಗ್ತಿಲ್ಲ ಡಾಕ್ಟ್ರೇ" ಎಂದ ಅಜ್ಜಿ ಬಲಗಾಲನ್ನು ಮಡಿಚಿಕೊಂಡೇ ಮಲಗಿದ್ದರು. ಕಾಲು ನೀಡಿಸಲು ಹೋದಾಗ ತೊಡೆಯ ಒಳಬದಿಯಿಂದ ಮಂಡಿಯವರೆಗೆ ಚಳುಕು ಹೊಡೆದು ನರಳಿದರು. ಅದು ಹಳೆಯ ಮಂಡಿನೋವೆಂದು ಮನೆಯವರು ಹೇಳಿದರೂ ಕಾಯಿಲೆಯ ಸುಳಿವಿದ್ದದ್ದು ಅಲ್ಲಿಯೇ.

ವಾಂತಿ, ಹೊಟ್ಟೆಯುಬ್ಬರ, ಗಾಳಿಯೂ ಹೋಗದಿರುವುದು ಕರುಳು ಕಟ್ಟಿಕೊಂಡಿರುವುದರ ಲಕ್ಷಣ. ಸಣ್ಣಕರುಳು ಹೀಗೆ ಕಟ್ಟಿಕೊಳ್ಳಲು ಹೆಚ್ಚಾಗಿ ಹಿಂದಿನ ಶಸ್ತ್ರಚಿಕಿತ್ಸೆಯ ನಂತರದ ಅಂಟುಗಳು, ಹೊರಗೆ ಕಾಣುವ ಹರ್ನಿಯಾ ಅಥವಾ ಗಡ್ಡೆ ಕಾರಣ. ಇವರ ಹೊಟ್ಟೆಯ ಮೇಲೆ ಹೊಲಿಗೆಯ ಗುರುತಿರಲಿಲ್ಲ, ತೊಡೆಸಂದಿನಲ್ಲಿ ಉಬ್ಬೂ ಇರಲಿಲ್ಲ. ಸೊಂಟದ ಮೂಳೆಯಲ್ಲಿ ನರ ಮತ್ತು ರಕ್ತನಾಳಗಳು ತೊಡೆಗೆ ಇಳಿಯುವ ಆಬ್ಟ್ಯುರೇಟರ್ ಎಂಬ ಕಿಂಡಿಯನ್ನು ಕೊಬ್ಬು ತುಂಬಿಕೊಂಡಿರುತ್ತದೆ. ವಯಸ್ಸಾಗಿ ಮೈ ಇಳಿದಾಗ, ಅದರಲ್ಲೂ ಹಲವು ಹೆರಿಗೆಗಳಾದ ಮಹಿಳೆಯರಲ್ಲಿ, ಆ ಜಾಗ ತೆರವಾಗಿ ಕರುಳು ನುಸುಳಿ ಸಿಕ್ಕಿಕೊಳ್ಳುತ್ತದೆ. ಮೇಲೆ ಸ್ನಾಯುಗಳಿರುವುದರಿಂದ ಉಬ್ಬು ಕೈಗೆ ಸಿಗುವುದು ಅಪರೂಪ. ಒತ್ತಡಕ್ಕೆ ಸಿಕ್ಕ ನರ ಮಾತ್ರ ತೊಡೆಯಲ್ಲಿ ನೋಯುತ್ತದೆ, ಕಾಲು ಮಡಿಚಿದರೆ ತಗ್ಗುತ್ತದೆ. ಇದೇ ಹೌಷಿಪ್–ರಾಂಬರ್ಗ್ ಚಿಹ್ನೆ. ಎಲ್ಲ ರೋಗಿಗಳಲ್ಲಿಯೂ ಇದು ಕಾಣುವುದಿಲ್ಲ, ಆದ್ದರಿಂದ ಸಿ.ಟಿ. ಸ್ಕ್ಯಾನನ್ನು ತೊಡೆಯ ಮೇಲ್ಭಾಗದವರೆಗೂ ಮಾಡಿಸಬೇಕು. ಅಜ್ಜಿಗೆ ಅದೇ ರಾತ್ರಿ ಶಸ್ತ್ರಚಿಕಿತ್ಸೆಯಾಯಿತು. ಕಪ್ಪುಗಟ್ಟಿದ್ದ ಗೇಣುದ್ದದ ಕರುಳನ್ನು ಕತ್ತರಿಸಿ ತೆಗೆಯಬೇಕಾಯಿತು. ಮೊದಲ ದಿನವೇ ಬಂದಿದ್ದರೆ ಅದು ಉಳಿಯುತ್ತಿತ್ತೇನೋ ಎಂಬ ಸಂಕಟ ನನಗೆ ಇನ್ನೂ ಇದೆ.

ವಯಸ್ಸಾದವರಲ್ಲಿ ಕರುಳು ಕಟ್ಟಲು ಇನ್ನೂ ಕೆಲವು ಕಾರಣಗಳಿವೆ. ಹಲ್ಲಿಲ್ಲದವರು ಅಗಿಯದೆ ನುಂಗಿದ ನಾರಿನ ಹಣ್ಣು ಉಂಡೆಗಟ್ಟಿ ಕರುಳನ್ನು ಮುಚ್ಚುವುದುಂಟು. ಅದಕ್ಕಿಂತ ಹೆಚ್ಚು ಮೋಸಗೊಳಿಸುವುದು ಪಿತ್ತಕೋಶದ ಕಲ್ಲು. ವರ್ಷಗಟ್ಟಲೆ ಪಿತ್ತಕೋಶದಲ್ಲಿದ್ದ, ಸಾಮಾನ್ಯವಾಗಿ 2.5 ಸೆಂ.ಮೀ.ಗಿಂತ ದೊಡ್ಡದಾದ ಕಲ್ಲು ಉರಿಯೂತದಿಂದ ಗೋಡೆಯನ್ನು ಕೊರೆದು ನೇರವಾಗಿ ಕರುಳಿಗಿಳಿದು, ದಾರಿ ಕಿರಿದಾಗುವ ಸಣ್ಣಕರುಳಿನ ಕೊನೆಯಲ್ಲಿ ನಿಲ್ಲುತ್ತದೆ. ನಡುವೆ ಅದು ಸಿಕ್ಕಿ, ಜಾರಿ, ಮತ್ತೆ ಸಿಕ್ಕಿಕೊಳ್ಳುವುದರಿಂದ ನೋವು, ವಾಂತಿ ಬಂದು ಹೋಗುತ್ತವೆ; "ಈಗ ಪರವಾಗಿಲ್ಲ" ಎಂದು ಮನೆಯವರು ಸಮಾಧಾನಪಟ್ಟುಕೊಳ್ಳುವುದು ಇಲ್ಲಿಯೇ. ಕಟ್ಟಿದ ಕರುಳು, ಪಿತ್ತನಾಳದಲ್ಲಿ ಗಾಳಿ, ಇರಬಾರದ ಜಾಗದಲ್ಲಿ ಕಲ್ಲು ಎಂಬ ಮೂರು ಲಕ್ಷಣಗಳನ್ನು ಎಕ್ಸ್-ರೇ ತಜ್ಞ ರಿಗ್ಲರ್ 1941ರಲ್ಲಿಯೇ ಎಕ್ಸ್-ರೇಯಲ್ಲಿ ಗುರುತಿಸಿದ್ದರು. ಹೊರತೆಗೆದ ಕಲ್ಲಿನ ಒಂದು ಬದಿ ಚಪ್ಪಟೆಯಾಗಿದ್ದರೆ ಅದಕ್ಕೆ ಒತ್ತಿಕೊಂಡು ಇನ್ನೊಂದು ಕಲ್ಲು ಇತ್ತೆಂದು ಶಂಕಿಸಬೇಕು. ಆಗ ಇಡೀ ಕರುಳನ್ನು ಬೆರಳುಗಳ ನಡುವೆ ಹಾಯಿಸಿ ಹುಡುಕದೆ ನಾವು ಹೊಟ್ಟೆ ಮುಚ್ಚುವುದಿಲ್ಲ.