ತೊಲೆ ಎತ್ತುವ ಮೊದಲು ಸಲೈನ್

ಭೂಕಂಪದಲ್ಲಿ ಕುಸಿದ ಮನೆಯಡಿ ಹತ್ತು ಗಂಟೆ ಸಿಕ್ಕಿಕೊಂಡಿದ್ದರೂ ಮನುಷ್ಯ ಮಾತಾಡುತ್ತಿರುತ್ತಾನೆ, ನೀರು ಕೇಳುತ್ತಾನೆ. ತೊಡೆಯ ಮೇಲಿನ ತೊಲೆ ಎತ್ತಿದ ಸ್ವಲ್ಪ ಹೊತ್ತಿಗೆ ಹೃದಯ ನಿಂತುಹೋಗುತ್ತದೆ. 'ಆಯಸ್ಸು ತೀರಿತ್ತು' ಅನ್ನುತ್ತಾರೆ ಸುತ್ತಲಿನವರು; 'ಕ್ರಷ್ ಸಿಂಡ್ರೋಮ್' ಅನ್ನುತ್ತಾರೆ ವೈದ್ಯರು. ಮೈಯಲ್ಲಿರುವ ಪೊಟ್ಯಾಸಿಯಂ ಎಂಬ ಲವಣದ ಲೆಕ್ಕ ಹಾಕಿದರೆ ಸಾಕು, ಆಯಸ್ಸಿನ ಲೆಕ್ಕ ಬೇಕಿಲ್ಲ.

ಮೈಯ ಪೊಟ್ಯಾಸಿಯಂನಲ್ಲಿ ಸುಮಾರು ಶೇ 98 ಇರುವುದು ಜೀವಕೋಶಗಳ ಒಳಗೆ, ಬಹುಪಾಲು ಸ್ನಾಯುಗಳಲ್ಲಿ. ಕೋಶದೊಳಗೆ ಲೀಟರಿಗೆ ಸುಮಾರು 140 ಮಿಲಿಮೋಲ್, ರಕ್ತದಲ್ಲಿ ಬರೀ 4. ಕೆರೆ ಏರಿಯ ಆಚೆ ನೀರು, ಈಚೆ ಗದ್ದೆ ಇದ್ದ ಹಾಗೆ. ಆದರೆ ಈ ಏರಿ ತಾನಾಗಿ ನಿಲ್ಲುವುದಲ್ಲ. ಸೋರುವ ದೋಣಿಯಿಂದ ನೀರು ಮೊಗೆದು ಚೆಲ್ಲುತ್ತಲೇ ಇರುವ ಅಂಬಿಗನಂತೆ ಕೋಶಪೊರೆಯ ಪಂಪುಗಳು ಹಗಲಿರುಳು ದುಡಿಯಬೇಕು. ತೊಲೆಯ ಭಾರಕ್ಕೆ ಪೊರೆ ಹರಿಯುತ್ತದೆ, ರಕ್ತ ಸಿಗದೆ ಪಂಪು ನಿಲ್ಲುತ್ತದೆ. ಸೋಡಿಯಂ, ಕ್ಯಾಲ್ಸಿಯಂ, ನೀರು ಒಳನುಗ್ಗುತ್ತವೆ. ಪೊಟ್ಯಾಸಿಯಂ, ಸ್ನಾಯುವಿನ ಕೆಂಪು ಪ್ರೋಟೀನ್ ಆದ ಮಯೋಗ್ಲೋಬಿನ್ ಹೊರಬೀಳುತ್ತವೆ. ಭಾರ ಮೇಲಿರುವಷ್ಟು ಹೊತ್ತು ಅದೇ ತೂಬಿನ ಬಿರಡೆ. ತೆಗೆದ ಕೂಡಲೇ ಪೊಟ್ಯಾಸಿಯಂ ಹೃದಯಕ್ಕೆ ಹರಿದು ಬಡಿತ ಕೆಡಿಸುತ್ತದೆ, ರಕ್ತದ ನೀರು ಲೀಟರುಗಟ್ಟಲೆ ಊದುವ ಕಾಲಿಗೆ ಇಳಿಯುತ್ತದೆ. ಸಿಂಕಿನ ಕೊಳವೆಯಲ್ಲಿ ಗಂಜಿ ಕಟ್ಟಿದಂತೆ ಮಯೋಗ್ಲೋಬಿನ್ ಮೂತ್ರಪಿಂಡದ ನಳಿಕೆಗಳನ್ನು ಕಟ್ಟುತ್ತದೆ. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ.

ಇದನ್ನು ಸ್ಪಷ್ಟವಾಗಿ ಬರೆದಿಟ್ಟವರು ಬೈವಾಟರ್ಸ್ ಮತ್ತು ಬೀಲ್ ಎಂಬ ಸಂಶೋಧಕರು, 1941ರಲ್ಲಿ, ಲಂಡನ್ ಮೇಲೆ ಜರ್ಮನ್ ಬಾಂಬು ಬೀಳುತ್ತಿದ್ದ ಕಾಲದಲ್ಲಿ. 1988ರ ಆರ್ಮೇನಿಯಾ ಭೂಕಂಪದ ಗೊಂದಲ ಕಂಡ ಮೇಲೆ ಮೂತ್ರಪಿಂಡ ತಜ್ಞರ ಅಂತರರಾಷ್ಟ್ರೀಯ ಸಂಘ ವಿಪತ್ತಿಗೆಂದೇ ತಂಡ ಕಟ್ಟಿತು. 1999ರ ಆಗಸ್ಟ್ 17ರಂದು ಟರ್ಕಿಯ ಮರ್ಮರಾ ನಡುಗಿದಾಗ ಆ ತಂಡಕ್ಕೆ ಕೈತುಂಬ ಕೆಲಸ: ಮೂತ್ರಪಿಂಡ ಕೆಟ್ಟವರು 639, ಡಯಾಲಿಸಿಸ್ ಬೇಕಾದವರು 477.

ರಕ್ತದ ನೀರು ಬತ್ತಿ ಮೂತ್ರಪಿಂಡ ಕಟ್ಟದಿರಲೆಂದೇ, ಮನುಷ್ಯ ಇನ್ನೂ ಅವಶೇಷದಡಿ ಇರುವಾಗಲೇ ಕೈಗೆ ಸೂಜಿ ಹಾಕಿ ಸಲೈನ್ ಬಿಡಬೇಕು. ದೊಡ್ಡವರಿಗೆ ಗಂಟೆಗೆ 1 ಲೀಟರ್; ಬಿಡಿಸುವುದು ಎರಡು ಗಂಟೆ ಮೀರಿದರೆ ಅರ್ಧಕ್ಕೆ ಇಳಿಸಬೇಕು. ರಿಂಗರ್ ಲ್ಯಾಕ್ಟೇಟ್ ಎಂಬ ಇನ್ನೊಂದು ಡ್ರಿಪ್ ಬಾಟಲಿ ಮುಟ್ಟಬೇಡಿ, ಅದರಲ್ಲೇ ಪೊಟ್ಯಾಸಿಯಂ ಇದೆ. ಸೂಜಿ ಸಿಗಲಿಲ್ಲವೆಂದು ಬಿಡಿಸುವುದನ್ನು ತಡಮಾಡಲೂಬಾರದು, ಕಟ್ಟಡ ಇನ್ನೊಮ್ಮೆ ಕುಸಿದೀತು. ಹೊರತಂದ ಮೇಲೆ ಕಣ್ಣು ಮೂತ್ರದ ಚೀಲದ ಮೇಲಿರಲಿ. ಮೂತ್ರ ಬಾರದಿದ್ದರೂ ಸಲೈನ್ ಸುರಿಯುತ್ತ ಹೋದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಇಸಿಜಿಯಲ್ಲಿ 'ಟಿ' ಎಂಬ ಅಲೆ ಗುಡಾರದ ತುದಿಯಂತೆ ಚೂಪಾಯಿತೋ, ಪೊಟ್ಯಾಸಿಯಂ ಏರಿದ ಗುರುತು; ಕ್ಯಾಲ್ಸಿಯಂ ಗ್ಲುಕೋನೇಟ್ ಚುಚ್ಚುಮದ್ದು ತಕ್ಷಣ. ಅದು ಪೊಟ್ಯಾಸಿಯಂ ಇಳಿಸದು, ಹೃದಯವನ್ನು ಸ್ವಲ್ಪ ಹೊತ್ತು ಕಾಯುತ್ತದೆ, ಅಷ್ಟೆ. ಆ ಬಿಡುವಿನಲ್ಲಿ ಪೊಟ್ಯಾಸಿಯಂ ಮರಳಿ ಕೋಶದೊಳಗೆ ಹೋಗಲೆಂದು ಇನ್ಸುಲಿನ್ ಮತ್ತು ಗ್ಲೂಕೋಸ್ ಕೊಡಬೇಕು.

ಡಯಾಲಿಸಿಸ್ ಯಂತ್ರವನ್ನು ವಿಮಾನದಲ್ಲಿ ಇಳಿಸಬಹುದು. ನಾಲ್ಕು ಗಂಟೆಯ ಒಂದು ಸರದಿಗೆ ಬೇಕಾದ ಸುಮಾರು 120 ಲೀಟರ್ ಶುದ್ಧ ನೀರು, ಪೈಪು ಒಡೆದ ಊರಲ್ಲಿ ಎಲ್ಲಿಂದ ಬರಬೇಕು?

ಇಷ್ಟೆಲ್ಲ ದಾಟಿ ವಾರ್ಡಿಗೆ ಬಂದವರನ್ನು ನೋಡಲು ನಾವು ಒಯ್ಯುವುದೇನು? ಬಾಳೆಹಣ್ಣು, ಎಳನೀರು. ಎರಡರಲ್ಲೂ ಧಾರಾಳ ಪೊಟ್ಯಾಸಿಯಂ. ಮೂತ್ರಪಿಂಡ ಚೇತರಿಸಿಕೊಂಡಿದೆ ಎಂದು ವೈದ್ಯರು ಹೇಳುವವರೆಗೆ ಆ ಚೀಲ ಹೊರಗೇ ಇರಲಿ.