ಕುರ್ಚಿಯ ಅಂಚಿನಲ್ಲಿ ಹಿತ್ತಾಳೆ ಮೊಳೆಗಳ ಸಾಲು

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಮನೆ. ಚಾವಡಿಯಲ್ಲಿ ಅಜ್ಜನ ಕಾಲದ ಒಂದು ಹಲಸಿನ ಮರದ ಕುರ್ಚಿ ಇದೆ. ಕೂರುವ ಜಾಗಕ್ಕೆ ಚರ್ಮ ಹೊದೆಸಿ, ಮುಂದಿನ ಅಂಚಿನ ಉದ್ದಕ್ಕೂ ಗುಂಡು ತಲೆಯ ಹಿತ್ತಾಳೆ ಮೊಳೆ ಹೊಡೆದಿದ್ದರು. ಮೊಳೆಗೆ ನಮ್ಮಲ್ಲಿ ಆಣಿ ಎಂದೂ ಹೇಳುತ್ತಾರೆ. ಮಲಯಾಳದಲ್ಲೂ ಅದೇ ಮಾತು. ಸಂಜೆ ದೀಪ ಹಚ್ಚಿದಾಗ ಆ ಒಂದೊಂದು ಆಣಿಯ ತಲೆಯಲ್ಲೂ ಒಂದೊಂದು ಪುಟ್ಟ ದೀಪ ಕಾಣುತ್ತಿತ್ತು.

ಚರ್ಮ ಹರಿದು ಹೋದ ಮೇಲೆ ಪೇಟೆಯ ಒಂದು ಅಂಗಡಿಗೆ ಕೊಟ್ಟು ಹೊಸ ಹೊದಿಕೆ ಹಾಕಿಸಿದೆವು. ಕುರ್ಚಿ ವಾಪಸು ಬಂತು. ಎಡಗಡೆಯಿಂದ ನೋಡಿದರೆ ಬಹಳ ಚಂದ. ಬಲಕ್ಕೆ ಬರುತ್ತಾ ಬರುತ್ತಾ ಏನೋ ಸರಿಯಿಲ್ಲ ಅನಿಸುತ್ತದೆ. ಬಲತುದಿಯಲ್ಲಿ ಕೊನೆಯ ಎರಡು ಮೊಳೆಗಳಿಗೆ ಜಾಗ ಸಾಲದೆ ಒಂದರ ತಲೆ ಇನ್ನೊಂದರ ಮೇಲೆ ಹತ್ತಿತ್ತು. ಅಂಗಡಿಯ ಹುಡುಗ ಕೈ ಜಾರಿಸಿ ಕೆಲಸ ಮಾಡಿದ್ದಲ್ಲ. ಪ್ರತಿಯೊಂದು ಮೊಳೆಯನ್ನೂ ಅದರ ಹಿಂದಿನ ಮೊಳೆ ನೋಡಿಕೊಂಡು ಜಾಗ್ರತೆಯಿಂದಲೇ ಹೊಡೆದಿದ್ದ. ಎಡವಟ್ಟು ಆದದ್ದು ಅಲ್ಲೇ.

ಲೆಕ್ಕ ಹಾಕಿ ನೋಡೋಣ. ಎರಡು ಮೊಳೆಗಳ ನಡುವೆ 14 ಮಿ.ಮೀ. ಬರಬೇಕು ಅಂತ ಇಟ್ಟುಕೊಳ್ಳಿ. ಅಳತೆಗೆ ಒಂದು ರಟ್ಟಿನ ತುಂಡು ಕತ್ತರಿಸಿದಿರಿ. ಪೆನ್ಸಿಲ್ ಗೆರೆಯ ದಪ್ಪದಿಂದಾಗಿ ಅದು ಕಾಲು ಮಿ.ಮೀ. ಜಾಸ್ತಿಯಾಯಿತು. ಒಂದು ಅಂತರದಲ್ಲಿ ಅದು ಯಾರಿಗೂ ಕಾಣದು. ಆದರೆ 32 ಅಂತರ ಆಗುವಾಗ 8 ಮಿ.ಮೀ. ವ್ಯತ್ಯಾಸ. ಅಂದರೆ ಅರ್ಧ ಅಂತರಕ್ಕಿಂತಲೂ ಜಾಸ್ತಿ!

ರಟ್ಟು ಸರಿಯಾಗಿದ್ದರೂ ಕೈ ಸುಮ್ನೆ ಇರುವುದಿಲ್ಲ. ಒಮ್ಮೆ ಅರ್ಧ ಮಿ.ಮೀ. ಆಚೆ, ಇನ್ನೊಮ್ಮೆ ಅರ್ಧ ಮಿ.ಮೀ. ಈಚೆ. ಆಚೆಯದ್ದೂ ಈಚೆಯದ್ದೂ ಸೇರಿ ಸರಿಹೋಗುತ್ತದೆ ಎಂದು ನಮಗೆ ಅನಿಸುತ್ತದೆ, ಅಲ್ವಾ? ಪೂರ್ತಿ ಸರಿಹೋಗುವುದಿಲ್ಲ. 1905ರಲ್ಲಿ ಕಾರ್ಲ್ ಪಿಯರ್ಸನ್ ಎಂಬ ಗಣಿತಜ್ಞ ‘ನೇಚರ್’ ಪತ್ರಿಕೆಯಲ್ಲಿ ಒಂದು ಪ್ರಶ್ನೆ ಕೇಳಿದ್ದರು. ಒಬ್ಬ ಮನುಷ್ಯ ಸ್ವಲ್ಪ ದೂರ ನೇರ ನಡೆದು, ಮನಸ್ಸಿಗೆ ಬಂದ ಕಡೆ ತಿರುಗಿ, ಮತ್ತೆ ಅಷ್ಟೇ ದೂರ ನಡೆಯುತ್ತಾನೆ. ಹೀಗೇ ಮಾಡುತ್ತಾ ಹೋದರೆ ಕೊನೆಗೆ ಹೊರಟ ಜಾಗದಿಂದ ಎಷ್ಟು ದೂರ ಇರುತ್ತಾನೆ? ಉತ್ತರ ಭೌತವಿಜ್ಞಾನಿ ಲಾರ್ಡ್ ರ‍್ಯಾಲೇ ಅವರಲ್ಲಿ ಮೊದಲೇ ಇತ್ತು. ಹೆಜ್ಜೆಗಳ ಸಂಖ್ಯೆ ನಾಲ್ಕು ಪಟ್ಟಾದರೆ ದೂರ ಸಾಮಾನ್ಯವಾಗಿ ಎರಡು ಪಟ್ಟಾಗುತ್ತದೆ. ನಮ್ಮ ಮೊಳೆಗಳದ್ದೂ ಇದೇ ನಡಿಗೆ. ಒಂದು ಅಂತರಕ್ಕೆ ಅರ್ಧ ಮಿ.ಮೀ. ತಪ್ಪಿದರೆ, 4 ಅಂತರಕ್ಕೆ ಸುಮಾರು 1 ಮಿ.ಮೀ., 16ಕ್ಕೆ 2 ಮಿ.ಮೀ., 32ಕ್ಕೆ ಹತ್ತಿರ ಹತ್ತಿರ 3 ಮಿ.ಮೀ. ಕೈ ಪಳಗಿದವರಿಗೂ ಇದು ತಪ್ಪಿದ್ದಲ್ಲ.

ಇದಕ್ಕೆ ಉಪಾಯ ನಮ್ಮ ತೋಟದಲ್ಲೇ ಇದೆ. ಅಡಿಕೆ ಸಸಿ ನೆಡುವಾಗ ಒಂದು ಸಸಿಯಿಂದ ಕೋಲು ಇಟ್ಟು ಮುಂದಿನ ಸಸಿಗೆ ಅಳೆಯುತ್ತಾ ಹೋಗುವುದಿಲ್ಲ. ತೋಟದ ಈ ತುದಿಯಲ್ಲೊಂದು, ಆ ತುದಿಯಲ್ಲೊಂದು ಗೂಟ ಹೊಡೆದು, ಗುರುತು ಹಾಕಿದ ಹಗ್ಗ ಬಿಗಿಯಾಗಿ ಎಳೆಯುತ್ತಾರೆ. ಕಾಸರಗೋಡಿನ ತೋಟಬೆಳೆ ಸಂಶೋಧನಾ ಕೇಂದ್ರ, ಅಂದರೆ ನಮ್ಮ ಸಿಪಿಸಿಆರ್‌ಐ, ಅಡಿಕೆಗೆ ಹೇಳುವ ಅಂತರ 2.7 ಮೀಟರ್. ಒಂದು ಗುಂಡಿ ಅರ್ಧ ಗೇಣು ಆಚೆ ಹೋದರೂ ಆ ತಪ್ಪು ಮುಂದಿನ ಗುಂಡಿಗೆ ದಾಟುವುದಿಲ್ಲ. ಅದರ ಅಳತೆ ಹಗ್ಗದಿಂದ, ಪಕ್ಕದ ಗುಂಡಿಯಿಂದಲ್ಲ. ಹಾಗಾಗಿಯೇ ಒಳ್ಳೆಯ ತೋಟದಲ್ಲಿ ಯಾವ ಮೂಲೆಯಲ್ಲಿ ನಿಂತು ನೋಡಿದರೂ ಮರಗಳು ಸಾಲಾಗಿ ಕಾಣುವುದು.

ಕುರ್ಚಿಗೂ ಅಷ್ಟೇ. ಎರಡು ತುದಿಯ ಮೊಳೆ ಮೊದಲು. ಆಮೇಲೆ ನಟ್ಟನಡುವಿನದ್ದು. ಆಮೇಲೆ ಎರಡೂ ಅರ್ಧಗಳ ನಡುವಿನದ್ದು. ಹೀಗೆ ಅರ್ಧ ಮಾಡುತ್ತಾ ಹೋದರೆ ತಪ್ಪು ಬೆಳೆಯುವ ಬದಲು ಸವೆಯುತ್ತದೆ. ನಡುವಿನ ಗುರುತು 1 ಮಿ.ಮೀ. ತಪ್ಪಿತು ಅನ್ನಿ. ಅದರ ಪಕ್ಕದ ಕಾಲುಭಾಗದ ಗುರುತಿಗೆ ಆ ತಪ್ಪಿನ ಅರ್ಧ ಮಾತ್ರ ಬರುತ್ತದೆ, ಅದರ ಮುಂದಿನದ್ದಕ್ಕೆ ಇನ್ನೂ ಕಮ್ಮಿ. ತುದಿಗೆ ಬರುವಾಗ ಏನೂ ಉಳಿದಿರುವುದಿಲ್ಲ, ಯಾಕೆಂದರೆ ತುದಿ ಮೊದಲೇ ಗಟ್ಟಿ.

ಇದನ್ನು ಸ್ಕೇಲು ಮುಟ್ಟದೆ ಮಾಡಬಹುದು. ಮೊಳೆಗಳನ್ನು ಕಿತ್ತು ನಾನೇ ಮತ್ತೆ ಹೊಡೆಯಹೊರಟಾಗ ಹಾಗೇ ಮಾಡಿದೆ. ನಮ್ಮ ಕುರ್ಚಿಯ ಮುಂದಿನ ಅಂಚು 460 ಮಿ.ಮೀ. ಮೊಳೆಯ ತಲೆ 11 ಮಿ.ಮೀ. ಎರಡು ತುದಿಯ ಮೊಳೆಗಳ ಅರ್ಧರ್ಧ ತಲೆ ಕಳೆದರೆ ಮೊದಲ ಮೊಳೆಯ ಕೇಂದ್ರದಿಂದ ಕೊನೆಯದ್ದರ ಕೇಂದ್ರಕ್ಕೆ 449. ಅಷ್ಟೇ ಉದ್ದದ ಒಂದು ಕಾಗದದ ಪಟ್ಟಿ ಕತ್ತರಿಸಿದೆ. ಅರ್ಧಕ್ಕೆ ಮಡಚಿದೆ, ಬಿಡಿಸಿದೆ. ಪ್ರತಿ ಅರ್ಧವನ್ನೂ ಬೇರೆ ಬೇರೆಯಾಗಿ ಮತ್ತೆ ಮಡಚಿದೆ. ಐದು ಸುತ್ತಿನಲ್ಲಿ 32 ಭಾಗ, ಒಂದೊಂದೂ 14 ಮಿ.ಮೀ. ಬಿಡಿಸದೆ ಒಟ್ಟಿಗೇ ಐದು ಸಲ ಮಡಚಲು ಹೋಗಬೇಡಿ. ಕಾಗದ 0.1 ಮಿ.ಮೀ. ದಪ್ಪ ಇದ್ದರೂ 32 ಪದರ ಸೇರಿ 3 ಮಿ.ಮೀ. ದಾಟುತ್ತದೆ. ಹೊರಗಿನ ಪದರ ಒಳಗಿನ ಪದರಗಳನ್ನು ಸುತ್ತಿ ಬರಬೇಕಾದ್ದರಿಂದ ಭಾಗಗಳು ಒಂದೇ ಸಮ ಬರುವುದಿಲ್ಲ. ಇನ್ನೊಂದು ಮಾತು. ಭಾಗ 32 ಆದರೆ ಮೊಳೆ ಬೇಕಾದದ್ದು 33. ಬೇಲಿ ಕಟ್ಟಿದವರಿಗೆ ಇದು ಗೊತ್ತು. ಕಂಬ ಯಾವಾಗಲೂ ಒಂದು ಜಾಸ್ತಿ.

32 ಬೇಡ, 20 ಭಾಗ ಬೇಕು ಅಂದರೆ? ಮಕ್ಕಳ ಗೆರೆ ಪುಸ್ತಕ ತೆಗೆಯಿರಿ. ಕಾಗದದ ಪಟ್ಟಿಯ ಒಂದು ತುದಿಯನ್ನು ಒಂದು ಗೆರೆಯ ಮೇಲಿಡಿ. ಇನ್ನೊಂದು ತುದಿ ಅಲ್ಲಿಂದ 20ನೇ ಗೆರೆಗೆ ಸರಿಯಾಗಿ ಮುಟ್ಟುವ ತನಕ ಪಟ್ಟಿಯನ್ನು ಓರೆ ಮಾಡಿ. ಪಟ್ಟಿಯನ್ನು ಗೆರೆ ಎಲ್ಲೆಲ್ಲಿ ದಾಟುತ್ತದೋ ಅಲ್ಲಲ್ಲಿ ಗುರುತು ಹಾಕಿ. ಪಟ್ಟಿ 20 ಸಮಭಾಗ ಆಯಿತು! ಸಮಾನ ದೂರದ ಸಮಾಂತರ ಗೆರೆಗಳು ಯಾವ ಓರೆ ಗೆರೆಯನ್ನಾದರೂ ಸಮಭಾಗ ಮಾಡುತ್ತವೆ. ಹೈಸ್ಕೂಲಿನಲ್ಲಿ ಥೇಲ್ಸ್ ಹೆಸರಿನಲ್ಲಿ ಓದಿದ ಪಾಠ ಇದೇ. ಪಟ್ಟಿ ಪುಟಕ್ಕಿಂತ ಉದ್ದವಿದ್ದರೆ ಮೊದಲು ಅರ್ಧ ಮಾಡಿಕೊಂಡರಾಯಿತು. ಆ ಪಾಠ ಓದುವಾಗ ಯಾರಾದರೂ ನನಗೆ ಒಂದು ಕುರ್ಚಿ ತೋರಿಸಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗ ಅನಿಸುತ್ತದೆ.

ಟೈಲರ್ ಅಂಗಡಿಯ ಇಲಾಸ್ಟಿಕ್ ಕೂಡ ಬಹಳ ಉಪಕಾರಿ. ಸಡಿಲ ಇರುವಾಗ ಸೆಂಟಿಮೀಟರಿಗೊಂದು ಗುರುತು ಹಾಕಿ, ಬೇಕಾದಷ್ಟು ಎಳೆದರೆ ಗುರುತುಗಳೆಲ್ಲ ಒಂದೇ ಸಮ ದೂರ ಸರಿಯುತ್ತವೆ. ಎಳೆದ ಪಟ್ಟಿಯಲ್ಲಿ ಬಿಗಿತ ಎಲ್ಲ ಕಡೆ ಒಂದೇ. ವಸ್ತುವೂ ಅಗಲವೂ ಒಂದೇ ಆದ ಮೇಲೆ ಹಿಗ್ಗುವುದೂ ಒಂದೇ ಆಗಬೇಕಲ್ಲ. ಆದರೆ ಎಳೆಯುವಾಗ ಅದು ಮರಕ್ಕೋ ಬಟ್ಟೆಗೋ ಉಜ್ಜಬಾರದು. ಉಜ್ಜಿದ ಕಡೆ ಬಿಗಿತ ಬದಲಾಗುತ್ತದೆ. ಗಾಳಿಯಲ್ಲಿ ಎಳೆದು, ಆಮೇಲೆ ಅಂಚಿನ ಮೇಲೆ ಮೆಲ್ಲಗೆ ಇಳಿಸಬೇಕು. ಕಮಾನಿನಂಥ ಒರಗಿಗೆ ಇದು ಆಗದು. ಬಾಗಿದ ಕಡೆ ಇಲಾಸ್ಟಿಕ್ ಒತ್ತಿ ಕೂತು ಉಜ್ಜಿಯೇ ಉಜ್ಜುತ್ತದೆ. ಅಲ್ಲಿಗೆ ಕಾಗದದ ಪಟ್ಟಿಯೇ ಸರಿ.

ಇಷ್ಟೆಲ್ಲ ಯಾಕೆ, ಅರ್ಧ ಮಿ.ಮೀ. ಯಾರಿಗೆ ಕಾಣುತ್ತದೆ ಎಂದು ಕೇಳಬಹುದು. ನಮ್ಮ ಕಣ್ಣನ್ನು ನಾವು ಸಸಾರ ಮಾಡಬಾರದು. ಒಂದು ಮೀಟರ್ ದೂರದಲ್ಲಿ ಎರಡು ಚುಕ್ಕಿಗಳು ಬೇರೆ ಬೇರೆಯಾಗಿ ಕಾಣಲು ನಡುವೆ ಸುಮಾರು 0.3 ಮಿ.ಮೀ. ಬೇಕು. ಆದರೆ ಎರಡು ಗೆರೆಗಳು ಒಂದೇ ನೇರದಲ್ಲಿವೆಯೋ ಇಲ್ಲವೋ ಎಂದು ಹೇಳಲು ಅದೇ ದೂರದಿಂದ 0.05 ಮಿ.ಮೀ. ವ್ಯತ್ಯಾಸ ಸಾಕು. ಕಣ್ಣಿನ ಒಳಪರದೆಯಲ್ಲಿ ಬೆಳಕು ಹಿಡಿಯುವ ಕೋಶಗಳ ನಡುವಿನ ದೂರಕ್ಕಿಂತಲೂ ಸೂಕ್ಷ್ಮವಾದ ಲೆಕ್ಕ ಇದು. ಮಿದುಳು ಹಲವು ಕೋಶಗಳ ಸುದ್ದಿಯನ್ನು ಸೇರಿಸಿ ಇದನ್ನು ಕಂಡುಹಿಡಿಯುತ್ತದೆ. ಈ ಶಕ್ತಿಗೆ ವರ್ನಿಯರ್ ದೃಷ್ಟಿ ಎಂದು ಹೆಸರು. 1631ರಲ್ಲಿ ಪಿಯರ್ ವರ್ನಿಯರ್ ತಿಳಿಸಿಕೊಟ್ಟ ಅಳತೆಪಟ್ಟಿ ನಡೆಯುವುದೇ ಕಣ್ಣಿನ ಈ ಗುಣದ ಮೇಲೆ. ಹಾಗಾಗಿ ಸಾಲಿನಲ್ಲಿ ಒಂದು ಮೊಳೆ ಚೂರು ಮೇಲೆ ಕೂತರೂ ಬಾಗಿಲಲ್ಲಿ ನಿಂತವರಿಗೆ ಗೊತ್ತಾಗುತ್ತದೆ.

ಅಂತರದ ವಿಷಯದಲ್ಲಿ ಕಣ್ಣು ಅಷ್ಟು ಕಟ್ಟುನಿಟ್ಟಲ್ಲ. 19ನೇ ಶತಮಾನದಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಎರ್ನ್ಸ್ಟ್ ವೆಬರ್ ಎಂಬ ವಿಜ್ಞಾನಿ ತೂಕ ಎತ್ತಿಸಿ ಪರೀಕ್ಷೆ ಮಾಡಿದರು. ವ್ಯತ್ಯಾಸ ಗೊತ್ತಾಗುವುದು ಅದು ಮೂಲದ ಎಷ್ಟನೇ ಪಾಲು ಎಂಬುದರ ಮೇಲೆ ಎಂದು ಅವರು ಕಂಡರು. ಕಣ್ಣಿಗೂ ಇದು ಒಂದು ಮಟ್ಟಿಗೆ ಹೊಂದುತ್ತದೆ. ತಲೆಗೆ ತಲೆ ತಾಗಿಸಿ ಮೊಳೆ ಹೊಡೆದರೆ ನಡುವಿನ ಸಂದು 0.2 ಮಿ.ಮೀ. ಒಂದು ಕಡೆ ಅದು 0.6 ಆದರೆ ಮೂರು ಪಟ್ಟು! ಕಪ್ಪು ಗೆರೆಯ ಹಾಗೆ ಎದ್ದು ಕಾಣುತ್ತದೆ. ಸಂದು 3 ಮಿ.ಮೀ. ಇದ್ದರೆ ಅಷ್ಟೇ ತಪ್ಪು ಸುಮಾರು ಏಳರಲ್ಲಿ ಒಂದು ಪಾಲು ಮಾತ್ರ. ಅದಕ್ಕೇ ನನ್ನ ಸಲಹೆ, ಮೊದಲ ಸಲ ಮಾಡುವವರು ತಲೆ ತಾಗಿಸುವ ಆಸೆ ಬಿಡಿ. ಸ್ವಲ್ಪ ಜಾಗ ಬಿಟ್ಟು ಹೊಡೆಯಿರಿ. ನೇರಕ್ಕೆ ಮಾತ್ರ ರಾಜಿ ಬೇಡ. ಮುರಕಲ್ಲಿನ ಗೋಡೆ ಕಟ್ಟುವವರ ಹಾಗೆ ನೂಲು ಕಟ್ಟಿಯೇ ಗೆರೆ ಎಳೆಯಿರಿ.

ಗುರುತು ಸರಿಯಾದರೂ ಮೊಳೆ ಅಲ್ಲೇ ಇಳಿಯಬೇಕಲ್ಲ? ಮರ ಎಂದರೆ ಉದ್ದುದ್ದ ನಾರಿನ ಕಟ್ಟು. ಚೂಪು ಮೊಳೆ ನಾರುಗಳ ನಡುವೆ ಬೆಣೆಯ ಹಾಗೆ ನುಗ್ಗಿ, ಸುಲಭದ ಕಡೆ ಜಾರುತ್ತದೆ. ಒಂದೇ ನಾರಿನ ಗೆರೆಯಲ್ಲಿ 33 ಮೊಳೆ ಇಳಿದರೆ ಅಂಚೆಚೀಟಿಯ ತೂತುಗಳ ಹಾಗೆ ಮರ ಸೀಳುವ ದಾರಿಯೂ ಆಗುತ್ತದೆ. ಮೊಳೆಯ ಕಾಲಿಗಿಂತ ತೆಳ್ಳಗಿನ ಡ್ರಿಲ್ ಬಿಟ್‌ನಲ್ಲಿ ಮೊದಲೇ ಸಣ್ಣ ತೂತು ಮಾಡಿದರೆ ಎರಡೂ ತೊಂದರೆ ಇಲ್ಲ. ಹಳೆ ಕುರ್ಚಿಯಲ್ಲಿ ಇನ್ನೊಂದು ಪೀಡೆ ಇದೆ, ಹಳೆ ತೂತುಗಳು. ಹೊಸ ಮೊಳೆ ಹತ್ತಿರದ ಹಳೆ ತೂತಿಗೇ ವಾಲುತ್ತದೆ. ನಾನು ಬಿದಿರಿನ ಕಡ್ಡಿ ಚೂಪು ಮಾಡಿ, ಅಂಟು ಹಚ್ಚಿ, ಒಂದೊಂದಕ್ಕೂ ತುರುಕಿ ಸಮ ಮಾಡಿದೆ. ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಇದಕ್ಕೇ.

ಹೊಡೆಯುವಾಗ ಕಬ್ಬಿಣದ ಸುತ್ತಿಗೆ ನೇರ ತಾಗಿದರೆ ಹಿತ್ತಾಳೆ ತಲೆ ಜಜ್ಜುತ್ತದೆ. ಅದು ಒಳಗೆ ಟೊಳ್ಳು. ಸುತ್ತಿಗೆಯ ಮುಖಕ್ಕೆ ಅಡಿಕೆ ಹಾಳೆಯ ತುಂಡೊಂದನ್ನು ಕಟ್ಟಿಕೊಂಡೆ. ಪೆಟ್ಟು ಬೀಳುವ ಹೊತ್ತು ಚೂರು ಉದ್ದವಾಗುತ್ತದೆ. ಅದರ ಗರಿಷ್ಠ ಬಲ ತಗ್ಗುತ್ತದೆ. ಆದರೂ ಮೊಳೆ ಇಳಿಯಲು ಸಾಕಾಗುತ್ತದೆ. ವಾಲಿದ ಮೊಳೆಯನ್ನು ಹುಡುಕಲು ಟಾರ್ಚು ಒಳ್ಳೆಯದು. ಎದುರಿನಿಂದ ಬೆಳಕು ಬಿಟ್ಟಾಗ ನೆಟ್ಟಗಿರುವ ತಲೆಗಳಲ್ಲಿ ಹೊಳಪಿನ ಚುಕ್ಕಿ ಒಂದೇ ಜಾಗದಲ್ಲಿ ಇರುತ್ತದೆ. ವಾಲಿದ್ದರಲ್ಲಿ ಅದು ನಡುವಿನಿಂದ ಜಾರಿದ ಹಾಗೆ ಕಾಣುತ್ತದೆ.

ಮೊಳೆ ಕೊಳ್ಳಲು ಹೋಗುವಾಗ ಕಿಸೆಯಲ್ಲಿ ಒಂದು ಆಯಸ್ಕಾಂತ ಇರಲಿ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವು, ಆಯಸ್ಕಾಂತಕ್ಕೆ ಅಂಟುವುದಿಲ್ಲ. ತಲೆಗೇ ಅಂಟಿದರೆ ಅದು ಹಿತ್ತಾಳೆ ಲೇಪದ ಉಕ್ಕು. ಕುಂಬಳೆ, ಮಂಜೇಶ್ವರದಂಥ ಕಡಲಬದಿಯ ಊರುಗಳಲ್ಲಿ ಅದು ಬೇಗ ಕೆಡುತ್ತದೆ. ಉಪ್ಪುಗಾಳಿ ಲೇಪದ ಒಂದು ಸಣ್ಣ ಗೀರು ಕಂಡರೂ ಸಾಕು, ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ತಾಮ್ರದ ಪಕ್ಕದಲ್ಲಿ ಕಬ್ಬಿಣ ಇದ್ದು ತೇವ ಸೇರಿದರೆ ಸವೆಯುವುದು ಕಬ್ಬಿಣವೇ. ಮರದ ತೊಗಟೆಯ ಚೊಗರಿನಲ್ಲಿ ಹದ ಮಾಡಿದ ಚರ್ಮವಾದರೆ ಮೊಳೆಯ ಸುತ್ತ ಕಪ್ಪು ಉಂಗುರವೂ ಬೀಳುತ್ತದೆ. ಬಾಳೆಕಾಯಿ ಹೆಚ್ಚಿದ ಕಬ್ಬಿಣದ ಕತ್ತಿ ಕಪ್ಪಾಗುವುದೂ ಇದೇ ಕಾರಣದಿಂದ. ಚೊಗರೂ ಕಬ್ಬಿಣವೂ ಸೇರಿದರೆ ಶಾಯಿಯ ಬಣ್ಣ.

ನಮ್ಮ ಕುರ್ಚಿಯ ಮುಂದಿನ ಅಂಚು ಮುಗಿದಿದೆ. 33 ಮೊಳೆ, ಎಡದಿಂದ ನೋಡಿದರೂ ಬಲದಿಂದ ನೋಡಿದರೂ ಒಂದೇ. ಮರ ತೇವಕ್ಕೆ ಅಡ್ಡಕ್ಕೆ ಹಿಗ್ಗಿದಷ್ಟು ಉದ್ದಕ್ಕೆ ಹಿಗ್ಗುವುದಿಲ್ಲ. ಉದ್ದಕ್ಕೆ ಆಗುವ ಬದಲಾವಣೆ ನೂರರಲ್ಲಿ ಒಂದು ಪಾಲೂ ಇಲ್ಲ. ಹಾಗಾಗಿ ನಾರಿನ ಉದ್ದಕ್ಕೆ ಹೊಡೆದ ಈ ಸಾಲಿನ ಅಂತರ ಎಷ್ಟು ಮಳೆಗಾಲ ಬಂದರೂ ಅಲ್ಲಾಡದು. ಒರಗಿನ ಕಮಾನು ಇನ್ನೂ ಬಾಕಿ. ಅಲ್ಲಿ ಕೆಲವು ಮೊಳೆಗಳು ನಾರಿಗೆ ಅಡ್ಡವಾಗಿ ಸಾಲು ಬರಬೇಕು. ಈಗ ಮರ ನೀರು ಕುಡಿದು ಉಬ್ಬಿದೆ. ಕಾಗದದ ಪಟ್ಟಿ ಮಡಚಿ ಇಟ್ಟಿದ್ದೇನೆ. ಮಳೆ ಬಿಟ್ಟು, ಅಂಗಳದಲ್ಲಿ ಅಡಿಕೆ ಹರಡುವ ಹೊತ್ತಿಗೆ ಮರ ಒಣಗುತ್ತದೆ. ಆಗ ಅದನ್ನೂ ಹೊಡೆಯುತ್ತೇನೆ.