ನಲವತ್ತು ಸೂ ಅಂದ್ರೆ ಕೈಯಲ್ಲಿ ಎಷ್ಟು ಭಾರ

ಹಳೇ ನಾಣ್ಯ ನೋಡಿ ಅಸಲಿನಾ ನಕಲಿನಾ, ಎಷ್ಟು ಬಾಳತ್ತೆ ಅಂತ ಹೇಳೋದು ನನ್ನ ಕೆಲಸ. ಕಾದಂಬರಿ ಅನುವಾದ ಮಾಡೋರೂ ಆಗಾಗ ಫೋನ್ ಮಾಡ್ತಾರೆ. ಹೋದ ತಿಂಗಳು ಒಬ್ಬ ಹುಡುಗ ಫೋನ್ ಮಾಡಿ, ಸರ್, ಫ್ರೆಂಚ್ ಕಥೆಗಳಲ್ಲಿ ಸೂ, ಫ್ರಾಂಕ್, ಎಕ್ಯೂ, ಪಿಸ್ತೋಲ್, ಲೂಯಿ ಅಂತ ಇಷ್ಟೊಂದು ಹೆಸರು ಬರ್ತವೆ, ಎಲ್ಲಾ ಕಡೆ ಸುಮ್ನೆ "ನಾಣ್ಯ" ಅಂತ ಹಾಕ್ಬಿಡ್ಲಾ ಅಂದ. ಬೇಡಪ್ಪಾ ಅಂದೆ. ಯಾಕೆ ಅನ್ನೋದನ್ನ ಫೋನಲ್ಲಿ ಪೂರ್ತಿ ಹೇಳಕ್ಕಾಗ್ಲಿಲ್ಲ, ಇಲ್ಲಿ ಹೇಳ್ತೀನಿ.

ಮೊದ್ಲು ಲೆಕ್ಕ. ಫ್ರೆಂಚ್ ಕ್ರಾಂತಿಗೆ ಮುಂಚೆ ಹನ್ನೆರಡು ದೆನಿಯೆಗೆ ಒಂದು ಸೂ, ಇಪ್ಪತ್ತು ಸೂಗೆ ಒಂದು ಲೀವ್ರ್. ನಮ್ಮಲ್ಲಿ ಹನ್ನೆರಡು ಪೈಗೆ ಒಂದಾಣೆ ಇದ್ದ ಹಾಗೇ. 1795ರಲ್ಲಿ ಲೀವ್ರ್ ಹೋಗಿ ಫ್ರಾಂಕ್ ಬಂತು, ಫ್ರಾಂಕಿಗೆ ನೂರು ಸೆಂತೀಮ್ ಅಂತ ಕಾನೂನು ಮಾಡಿದ್ರು, ಆದ್ರೆ ಜನ ಐದು ಸೆಂತೀಮನ್ನ ಸೂ ಅಂತ್ಲೇ ಕರೀತಾ ಇಪ್ಪತ್ತು ಸೂಗೆ ಒಂದು ಫ್ರಾಂಕ್ ಅಂತ ಲೆಕ್ಕ ಮುಂದುವರೆಸಿದ್ರು. ಇದು ನಮಗೆ ಅರ್ಥ ಆಗ್ದೇ ಇರೋ ವಿಷ್ಯ ಅಲ್ಲ, 1957ರಲ್ಲಿ ಆಣೆ ಹೋಯ್ತು, ಆದ್ರೂ 2011ರಲ್ಲಿ 25 ಪೈಸೆ ಚಲಾವಣೆಯಿಂದ ಹೋಗೋ ತನಕ ನಾವು ಅದನ್ನ ನಾಲ್ಕಾಣೆ ಅಂತ್ಲೇ ಅಂದ್ವಿ. ದುಡ್ಡು ಅನ್ನೋದು ಒಂದು ತಾಮ್ರದ ನಾಣ್ಯದ ಹೆಸರು, ಈಗ ಅದೇ ಹಣಕ್ಕೆಲ್ಲಾ ಹೆಸರು. ಫ್ರಾನ್ಸಲ್ಲೂ ಹಾಗೇ, ಕೈಯಲ್ಲಿ ಕಾಸಿಲ್ಲ ಅನ್ನೋಕೆ ಸೂ ಇಲ್ಲ ಅಂತಾರೆ.

ಈಗ ವಿಕ್ಟರ್ ಹ್ಯೂಗೋನ ಲೆ ಮಿಸರಾಬ್ಲ ತಗೊಳ್ಳಿ. 19 ವರ್ಷ ಜೈಲಲ್ಲಿ ದುಡಿದು ಜಾನ್ ವಾಲ್‌ಜಾನ್ ಹೊರಗೆ ಬಂದಾಗ ಕೈಗೆ ಸಿಕ್ಕಿದ್ದು 109 ಫ್ರಾಂಕ್ 15 ಸೂ, ತನಗೆ 171 ಫ್ರಾಂಕ್ ಬರ್ಬೇಕು ಅಂತ ಅವನು ಲೆಕ್ಕ ಹಾಕ್ಕೊಂಡಿದ್ದ. ಆ ಹದಿನೈದು ಸೂ ಇದ್ಯಲ್ಲ, ಅನುವಾದದಲ್ಲಿ ಮೊದ್ಲು ಬಿಟ್ಟುಹೋಗೋದು ಅದೇ, ಆದ್ರೆ ಬಡವನ ಲೆಕ್ಕ ಇರೋದು ಆ ಚಿಲ್ರೆಯಲ್ಲೇ. ಆಮೇಲೆ ಪುಟ್ಟ ಜೆರ್ವೆ ಅನ್ನೋ ಹುಡುಗ ದಾರೀಲಿ ತನ್ನ ಕಾಸುಗಳನ್ನ ಮೇಲಕ್ಕೆ ಹಾರಿಸಿ ಹಿಡೀತಾ ಬರ್ತಾನೆ, ನಲವತ್ತು ಸೂದು ಜಾರಿ ಉರುಳತ್ತೆ, ವಾಲ್‌ಜಾನ್ ಅದರ ಮೇಲೆ ಕಾಲಿಡ್ತಾನೆ. ನಲವತ್ತು ಸೂ ಅಂದ್ರೆ ಎರಡು ಫ್ರಾಂಕಿನ ಬೆಳ್ಳಿ ನಾಣ್ಯ, 10 ಗ್ರಾಂ, 27 ಮಿಲಿಮೀಟರ್ ಅಗಲ. ನಿಮ್ಮ ಮನೇಲಿ ಅಜ್ಜಿ ಕಾಲದ ವಿಕ್ಟೋರಿಯಾ ರಾಣಿ ರೂಪಾಯಿ ಇದ್ರೆ ಅಂಗೈ ಮೇಲೆ ಇಟ್ಕೊಳ್ಳಿ, ಅದು 11.66 ಗ್ರಾಂ, ಅದಕ್ಕಿಂತ ಒಂಚೂರು ಚಿಕ್ಕದು ಅನ್ಕೊಳ್ಳಿ. ಆ ಹುಡುಗನ ಬಹುಪಾಲು ಆಸ್ತಿ ಅಷ್ಟೇ.

ಆ ನಾಣ್ಯ ಆಮೇಲೂ ಬರತ್ತೆ. ವಾಲ್‌ಜಾನ್ ತನ್ನ ಹಳೇ ಬಟ್ಟೆ, ದೊಣ್ಣೆ ಎಲ್ಲಾ ಬೆಂಕಿಗೆ ಹಾಕ್ತಾನೆ, ಕೊನೇಲಿ ಕೋರ್ಟಲ್ಲಿ ತಪ್ಪು ಒಪ್ಕೊಂಡ ಮೇಲೆ, ಊರು ಬಿಟ್ಟು ಹೋಗುವಾಗ ಬೆಂಕಿಲಿ ಕಪ್ಪಾದ ಆ ನಾಣ್ಯವನ್ನ ಚೀಟಿ ಸಮೇತ ತನ್ನ ಕೋಣೇಲಿ ಬಿಟ್ಟು ಹೋಗ್ತಾನೆ. ನನ್ನ ಕಣ್ಣು ನಿಂತಿದ್ದು ಆ ಕಪ್ಪು ಬಣ್ಣದ ಮೇಲೆ. ಫ್ರಾಂಕಿನ ಬೆಳ್ಳಿಯಲ್ಲಿ ನೂರಕ್ಕೆ ತೊಂಬತ್ತು ಬೆಳ್ಳಿ, ಹತ್ತು ತಾಮ್ರ. ಗಾಳಿ ಆಡೋ ಬೆಂಕೀಲಿ ಕಾದ್ರೆ ಬೆಳ್ಳಿ ಹಾಗೇ ಇರತ್ತೆ, ಮೇಲ್ಮೈಯಲ್ಲಿರೋ ತಾಮ್ರ ಗಾಳಿ ಹಿಡ್ಕೊಂಡು ಕಪ್ಪಾಗತ್ತೆ. ಮನೆಗೆ ಬೆಂಕಿ ಬಿದ್ದಾಗ ಪೆಟ್ಟಿಗೇಲಿ ಸಿಕ್ಕಿಹಾಕ್ಕೊಂಡಿದ್ದ ಬೆಳ್ಳಿ ರೂಪಾಯಿಗಳನ್ನ ಒಬ್ರು ನನ್ನ ಹತ್ರ ತಂದಿದ್ರು, ರಾಣಿ ಮುಖ ಹಾಗೇ ಇತ್ತು, ಮೇಲೆಲ್ಲಾ ಮಸಿ ಥರ, ಒರೆಸಿದ್ರೆ ಹೋಗಲ್ಲ. ಹ್ಯೂಗೋ ಬರೆದಿದ್ದು ಅಷ್ಟು ಸರಿಯಾಗಿದೆ.

ಅದೇ ಕಾದಂಬರೀಲಿ ಕೋಸೆತ್ ಅನ್ನೋ ಪುಟ್ಟ ಹುಡುಗಿಯ ಭಾಗದಲ್ಲಿ ಇನ್ನೂ ಸೂಕ್ಷ್ಮ ಇದೆ. ಬ್ರೆಡ್ ತರೋಕೆ ಕೊಟ್ಟ ಹದಿನೈದು ಸೂ ನಾಣ್ಯವನ್ನ ಮಗು ಕಳ್ಕೊಳ್ಳತ್ತೆ, ಹೊಡೆತ ಬೀಳೋದ್ರಲ್ಲಿತ್ತು, ಅಷ್ಟರಲ್ಲಿ ವಾಲ್‌ಜಾನ್ ಇಗೋ ಕೆಳಗೆ ಬಿದ್ದಿತ್ತು ಅಂತ ಒಂದು ನಾಣ್ಯ ಕೊಡ್ತಾನೆ. ಅದು ಇಪ್ಪತ್ತು ಸೂದು. ಮಗುವನ್ನ ಮನೇಲಿಟ್ಕೊಂಡು ದುಡಿಸೋ ತೆನಾರ್ದಿಯೆ ಅನ್ನೋ ಹೆಂಗಸು ಹೌದು ಇದೇ ಅಂತ ಜೇಬಿಗೆ ಹಾಕ್ಕೋತಾಳೆ, ಐದು ಸೂ ಲಾಭ. ಹದಿನೈದು ಸೂ ನಾಣ್ಯ ನಿಜವಾಗ್ಲೂ ಇತ್ತು, 1791ರಿಂದ ಹದಿನಾರನೇ ಲೂಯಿ ಹೆಸರಲ್ಲಿ ಹೊಡೆದದ್ದು, ಮೂರರಲ್ಲಿ ಎರಡು ಪಾಲು ಮಾತ್ರ ಬೆಳ್ಳಿ, ತೂಕ ಸುಮಾರು 5 ಗ್ರಾಂ. ಇಪ್ಪತ್ತು ಸೂ ಅಂದ್ರೆ ಒಂದು ಫ್ರಾಂಕ್, ಅದೂ 5 ಗ್ರಾಮೇ. ತೂಕದಲ್ಲಿ ವ್ಯತ್ಯಾಸ ಗೊತ್ತಾಗಲ್ಲ, ಕಣ್ಣಲ್ಲಿ ಗೊತ್ತಾಗತ್ತೆ, ಅವಳಿಗೆ ಗೊತ್ತಾಯ್ತು. ಎರಡೂ ಕಡೆ "ನಾಣ್ಯ" ಅಂತ ಹಾಕಿದ್ರೆ ಆ ಹೆಂಗಸಿನ ಬುದ್ಧಿ ಏನು ಅಂತ ಓದುಗರಿಗೆ ಗೊತ್ತಾಗೋದೇ ಇಲ್ಲ.

ಅಲೆಕ್ಸಾಂಡರ್ ಡ್ಯೂಮಾನ ತ್ರೀ ಮಸ್ಕಿಟಿಯರ್ಸ್ ಬೇರೆ ಥರ. ಕಥೆ ಶುರುವಾಗೋದು 1625ರಲ್ಲಿ, ಲೂಯಿ ಅನ್ನೋ ಚಿನ್ನದ ನಾಣ್ಯ ಬಂದದ್ದು 1640ರಲ್ಲಿ, ಹಾಗಾಗಿ ಅಲ್ಲಿ ಪಿಸ್ತೋಲ್ ಎಣಿಸ್ತಾರೆ. ಪಿಸ್ತೋಲ್ ಫ್ರೆಂಚ್ ನಾಣ್ಯವೇ ಅಲ್ಲ, ಸ್ಪೇನಿನ ಚಿನ್ನ, ಆಗ ಫ್ರಾನ್ಸಲ್ಲಿ ಧಾರಾಳವಾಗಿ ಓಡಾಡ್ತಿತ್ತು, ಲೂಯಿಯನ್ನ ಅದರ ಅಳತೇಲೇ ಮಾಡಿದ್ದು. ಆಮೇಲೆ ಆ ಹೆಸರು ಬರೀ ಹತ್ತು ಲೀವ್ರ್ ಅನ್ನೋ ಲೆಕ್ಕಕ್ಕೆ ಉಳೀತು, ಎಕ್ಯೂ ಅನ್ನೋದು ಮೂರಕ್ಕೆ. ಅಪ್ಪ ಊರಿಂದ ಕಳಿಸುವಾಗ ಕಥಾನಾಯಕ ದಾರ್ತಾನ್ಯಾಗೆ ಕೊಟ್ಟಿದ್ದು 15 ಎಕ್ಯೂ, ಅಂದ್ರೆ 45 ಲೀವ್ರ್. ರಾಜ ಮೆಚ್ಚಿ ಕೊಟ್ಟಿದ್ದು 40 ಪಿಸ್ತೋಲ್, ಅಂದ್ರೆ 400. ಹಳ್ಳಿ ಹುಡುಗನ ಕೈಗೆ ಒಂದೇ ಸಲಕ್ಕೆ ಅಪ್ಪ ಕೊಟ್ಟಿದ್ದರ ಹತ್ರತ್ರ ಒಂಬತ್ತು ಪಟ್ಟು.

ನನಗೆ ಎಲ್ಲಕ್ಕಿಂತ ಪ್ರೀತಿ ಬಾಲ್ಜಾಕನ ಯೂಜೆನಿ ಗ್ರಾಂದೆ, 1833ರದ್ದು. ಅಪ್ಪ ಜಿಪುಣ, ಮಗಳಿಗೆ ಹಬ್ಬ ಹರಿದಿನಕ್ಕೆ ಅಪರೂಪದ ಚಿನ್ನದ ನಾಣ್ಯ ಕೊಟ್ಟು ಕೂಡಿಡಿಸ್ತಾನೆ. ಒಂದು ರಾತ್ರಿ ಅವಳು ಅದನ್ನೆಲ್ಲಾ ಹರಡಿ ಎಣಿಸ್ತಾಳೆ, ಪೋರ್ಚುಗಲ್‌ದು, ಜಿನೋವಾದ್ದು, ಹಾಲೆಂಡಿನ ಡ್ಯುಕಾಟ್ ನೂರು, ಮಧ್ಯದಲ್ಲಿ ಮೊಘಲ್ ಬಾದಶಹನ ಚಿನ್ನದ ರೂಪಾಯಿ ಎಂಟು, ಮೂರರ ಮೇಲೆ ತುಲಾ ರಾಶಿ, ಐದರ ಮೇಲೆ ಕನ್ಯಾ ರಾಶಿ. ಮೊದಲ ಸಲ ಓದಿದಾಗ ನನಗೆ ಮೈ ಜುಂ ಅಂತು. ಇವು ಜಹಾಂಗೀರ್ ಹೊಡೆಸಿದ ರಾಶಿ ಮೊಹರುಗಳು, ಚಿನ್ನ ಆಗಿರೋದ್ರಿಂದ ನಾವು ಮೊಹರು ಅಂತೀವಿ. ಒಂದೊಂದರಲ್ಲಿರೋ ಚಿನ್ನದ ಬೆಲೆ 37 ಫ್ರಾಂಕ್ 40 ಸೆಂತೀಮ್, ಗೊತ್ತಿರೋರು 50 ಕೊಡ್ತಾರೆ ಅಂತ ಬಾಲ್ಜಾಕ್ ಬರೀತಾನೆ. ನಾನು ಕೂತು ಲೆಕ್ಕ ಹಾಕಿದೆ. 20 ಫ್ರಾಂಕಿನ ನಪೋಲಿಯನ್ ನಾಣ್ಯದಲ್ಲಿ ಅಪ್ಪಟ ಚಿನ್ನ 5.806 ಗ್ರಾಂ, ಆ ಲೆಕ್ಕದಲ್ಲಿ 37.40ಕ್ಕೆ ಹತ್ತಿರತ್ತಿರ 10.86 ಗ್ರಾಂ. ಜಹಾಂಗೀರನ ಮೊಹರು ನನ್ನ ತಕ್ಕಡೀಲಿ ಸುಮಾರು 10.9 ತೂಗತ್ತೆ.

ಇಷ್ಟೆಲ್ಲಾ ಸೇರಿ ಅವಳ ಹತ್ರ ಇದ್ದಿದ್ದು ಚಿನ್ನದ ಲೆಕ್ಕದಲ್ಲಿ 5,800 ಫ್ರಾಂಕ್, ಮಾರಿದ್ರೆ ಹತ್ರತ್ರ ಎರಡು ಸಾವಿರ ಎಕ್ಯೂ ಅಂತಾನೆ, ಅಂದ್ರೆ 6,000. ಅದೇ ರಾತ್ರಿ ಅವಳು ಆ ಚೀಲವನ್ನ ಕಷ್ಟದಲ್ಲಿರೋ ಚಿಕ್ಕಪ್ಪನ ಮಗನಿಗೆ ಕೊಟ್ಬಿಡ್ತಾಳೆ. ಫೋನ್ ಮಾಡಿದ್ದ ಆ ಅನುವಾದದ ಹುಡುಗನಿಗೆ ಈ ಪುಟ ಓದಿ ಹೇಳಿದೆ, ಸ್ವಲ್ಪ ಹೊತ್ತು ಸುಮ್ನಿದ್ದ, ಆಮೇಲೆ "ಸರ್, ತುಲಾ, ಕನ್ಯಾ ಅಂತ ಹಾಗೇ ಬರೀತೀನಿ, ಸೂನ ಸೂ ಅಂತ್ಲೇ ಬಿಡ್ತೀನಿ" ಅಂದ.